ಸೊನ್ನೆಯ ಜಾಗ ಬಿಡುವವಳು

ನಮ್ಮ ಬೀದಿಯವರೆಲ್ಲ ನನ್ನ ನಾದಿನಿಯನ್ನು ಸ್ವೆಟರಮ್ಮ ಅಂತಲೇ ಕರೆಯುವುದು. ನೆತ್ತಿ ಸುಡುವ ಬಿಸಿಲಿನಲ್ಲಿ ತೋಳಿನ ಮೇಲೆ ಉಣ್ಣೆಯ ಸ್ವೆಟರು ಹಾಕಿಕೊಂಡು ಕೆಲಸಕ್ಕೆ ಹೊರಡುವ ಹೆಂಗಸು ಇನ್ನೊಬ್ಬಳಿಲ್ಲವಲ್ಲ, ಅದಕ್ಕೆ. ಎದುರುಮನೆಯ ಟೈಲರ್ ದಿನಾ ಕೇಳುತ್ತಿದ್ದ, "ಏನಮ್ಮಾ, ಇವತ್ತು ಮಂಜು ಸುರಿಯುತ್ತಾ?" ಇವಳು ನಿಲ್ಲದೆಯೇ ಹೇಳುತ್ತಿದ್ದಳು, "ಸುರಿದ್ರೂ ನಿಮ್ಮ ಅಂಗಡಿ ಮುಂದೆ ಸುರಿಯಲ್ಲ, ಹೆದರಬೇಡಿ."

ಅವಳ ಕೆಲಸದ ಜಾಗದಲ್ಲಿ ವರ್ಷವೆಲ್ಲ ಚಳಿ. ಮನುಷ್ಯರಿಗೆ ಅಂತ ಮಾಡಿದ ಚಳಿಯಲ್ಲ, ಅಲ್ಲಿರುವ ದೊಡ್ಡ ಕಂಪ್ಯೂಟರಿಗೆ ಅಂತ ಮಾಡಿದ್ದು. ಮೇನ್‌ಫ್ರೇಮ್ ಅಂತಾರೆ ಅದಕ್ಕೆ. ಅದರ ಡಿಸ್ಕುಗಳನ್ನು ನೋಡಿಕೊಳ್ಳುವುದು ಇವಳ ಕೆಲಸ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಈ ಮಾತುಗಳನ್ನೆಲ್ಲ ಅವಳ ಬಾಯಲ್ಲಿ ಕೇಳಿ ಕೇಳಿ ಕಲಿತದ್ದು. ತಪ್ಪಿದ್ದರೆ ಓದಿ ತಿದ್ದುತ್ತೇನೆ ಅಂದಿದ್ದಾಳೆ. ಅವಳನ್ನು ಹೊಗಳಿದ ಕಡೆ ಮಾತ್ರ ಕೈ ಹಾಕಕೂಡದು ಅಂತ ಮೊದಲೇ ಮಾತು ತೆಗೆದುಕೊಂಡಿದ್ದೇನೆ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳು ಮುಂದಿನ ಹಲ್ಲು ಬಿದ್ದ ಹುಡುಗಿ. ನನ್ನ ಅತ್ತೆ ಆಗಲೇ ತೀರಿಹೋಗಿದ್ದರು. ಮಾವನವರದು ಮಾತೇ ಕಡಿಮೆ. ನನ್ನ ಯಜಮಾನರು ನೀರಿನ ಪಂಪು ರಿಪೇರಿ ಮಾಡುವವರು, ಬೆಳಿಗ್ಗೆ ಹೊರಟರೆ ಸಂಜೆ ಗ್ರೀಸು ಮೆತ್ತಿಕೊಂಡು ಬರುತ್ತಿದ್ದರು. ಈ ಹುಡುಗಿಯ ತಲೆ ಬಾಚುವುದಕ್ಕೆ ಯಾರೂ ದಿಕ್ಕಿರಲಿಲ್ಲ. ನಾನು ಬಂದ ಮಾರನೆಯ ದಿನ ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದವಳನ್ನು ಹಿಡಿದು ಕೂರಿಸಿ, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಲು ಕೂತೆ. ಬೆಳಿಗ್ಗೆ ಶುರು ಮಾಡಿದ್ದು ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಹುಡುಗಿ ಒಂದು ಸಲವೂ ಹಾ ಅನ್ನಲಿಲ್ಲ. ಮುಗಿದ ಮೇಲೆ ತಲೆ ಸವರಿ ನೋಡಿಕೊಂಡು, "ಅತ್ತಿಗೆ, ನಾಳೆನೂ ಇರ್ತೀರಾ?" ಅಂದಳು.

ನನಗೆ ಮಕ್ಕಳಾಗಲಿಲ್ಲ. ಆದರೂ ಮಕ್ಕಳಿಲ್ಲ ಅನ್ನುವ ಮಾತು ನನ್ನ ಬಾಯಿಂದ ಬಂದದ್ದಿಲ್ಲ, ಇವಳಿದ್ದಳಲ್ಲ.

ಚಿಕ್ಕಂದಿನಿಂದಲೂ ಇವಳಿಗೆ ಒಂದೊಂದಕ್ಕೂ ಜಾಗ ಗೊತ್ತುಮಾಡುವ ಹುಚ್ಚು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಬರೆದು ಅಂಟಿಸಿದಳು. ಉಪ್ಪಿನ ಡಬ್ಬಿಗೆ ಉಪ್ಪು ಅಂತ, ಖಾಲಿ ಡಬ್ಬಿಗೆ ಖಾಲಿ ಅಂತ. "ನನ್ನ ಬೆನ್ನಿಗೂ ಒಂದು ಅಂಟಿಸೇ, ಇಲ್ಲದಿದ್ರೆ ನಿಮ್ಮತ್ತಿಗೆ ಯಾರಪ್ಪಾ ನೀನು ಅಂತ ಕೇಳ್ತಾಳೆ" ಅನ್ನುತ್ತಿದ್ದರು ಅವಳಣ್ಣ. ಇವಳು ನಿಜವಾಗಿಯೂ ಅಂಟಿಸಿಬಿಟ್ಟಳು. ಮಹಾರಾಯರು ಬೆನ್ನ ಮೇಲೆ 'ಅಣ್ಣ' ಅಂತ ಹೊತ್ತುಕೊಂಡು ಅರ್ಧ ಊರು ಸುತ್ತಿ, ಯಾರದೋ ಮನೆಯ ಪಂಪು ಬಿಚ್ಚಿ ಜೋಡಿಸಿ ಬಂದರು.

ಓದು ಮುಗಿದ ಮೇಲೆ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಊರಿನ ಆಸ್ಪತ್ರೆಗಳದ್ದು, ನೀರಿನ ಇಲಾಖೆಯದ್ದು, ಹೀಗೆ ಹತ್ತು ಕಡೆಯ ಕೆಲಸವೆಲ್ಲ ಅಲ್ಲೇ ನಡೆಯುವುದು. ಮೊದಮೊದಲು ಇವಳು ಮಾಡುತ್ತಿದ್ದದ್ದು ಟೇಪಿನ ಸುರುಳಿಗಳನ್ನು ಕಪಾಟಿನಿಂದ ತಂದು ಮಷಿನ್ನಿಗೆ ಹಾಕುವುದು, ಮತ್ತೆ ತೆಗೆದು ಕಪಾಟಿಗೆ ಇಡುವುದು. ಸಂಜೆ ಬಂದು ಕಾಲು ಚಾಚಿ ಕೂತರೆ ಮಾತಿಲ್ಲ ಕತೆಯಿಲ್ಲ. ಆಮೇಲೆ ಪರೀಕ್ಷೆ ಕಟ್ಟಿ, ಪಾಸಾಗಿ, ಡಿಸ್ಕಿನ ವಿಭಾಗಕ್ಕೆ ಹೋದಳು. ಮದುವೆಯ ಮಾತುಗಳೂ ಬಂದವು. ಒಬ್ಬ ಗಂಡು ನೋಡಲು ಬಂದು, "ಮದುವೆ ಆದ್ಮೇಲೂ ಆ ಮಷಿನ್ನಿನ ಜೊತೆನೇ ಇರ್ತೀರಾ?" ಅಂತ ನಗುತ್ತಾ ಕೇಳಿದ. ಇವಳೂ ನಗುತ್ತಲೇ, "ಅದು ಇಂಥ ಪ್ರಶ್ನೆ ಕೇಳಲ್ಲ" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಆಮೇಲೆ ಬಂದವರ ಮಾತೂ ಹೀಗೇ ಮುಗಿಯುತ್ತಾ ಹೋಯಿತು. ನಾವೂ ಒತ್ತಾಯ ಮಾಡಲಿಲ್ಲ.

ಒಂದು ಸಂಜೆ ಇಬ್ಬರೂ ಹಾಸಿಗೆ ಬಟ್ಟೆ ಮಡಚುತ್ತಿದ್ದಾಗ ಕೇಳಿದೆ, "ಅಲ್ಲ ಕಣೇ, ದಿನವಿಡೀ ಆ ಚಳಿಯಲ್ಲಿ ಕೂತು ಏನೇ ಮಾಡ್ತೀಯ ನೀನು?"

"ಅತ್ತಿಗೆ, ಅಲ್ಲಿರೋದು ಒಂದೇ ದೊಡ್ಡ ಮಷಿನ್ನು. ಅದರೊಳಗೆ ಇಲ್ಲದೇ ಇರೋ ಮಷಿನ್ನುಗಳು ನೂರಾರು."

"ಇಲ್ಲದ್ದು ಹೇಗೆ ಇರುತ್ತೆ?"

"ಒಂದೊಂದಕ್ಕೂ ತಾನೇ ಪೂರ್ತಿ ಮಷಿನ್ನು ಅನ್ನೋ ಭ್ರಮೆ. ಪಕ್ಕದಲ್ಲಿ ಇನ್ನೊಂದಿದೆ ಅಂತಾನೂ ಗೊತ್ತಿರಲ್ಲ. ಆಸ್ಪತ್ರೆಯವರದು ಒಂದು, ನೀರಿನವರದು ಒಂದು."

"ಅಷ್ಟೇನಾ? ನಮ್ಮ ಮನೆಯೂ ಹಾಗೇ ಅಲ್ವಾ. ಮನೆ ಒಂದೇ. ನಿಮ್ಮಣ್ಣ ತಾನೇ ಯಜಮಾನ ಅಂದ್ಕೊಂಡಿದ್ದಾರೆ, ನೀನು ನೀನೇ ಅಂದ್ಕೊಂಡಿದ್ದೀಯ, ಬೆಕ್ಕು ತಾನೇ ಅಂದ್ಕೊಂಡಿದೆ."

ಕಿಟಕಿಯ ಬಳಿ ಕುರ್ಚಿಯಲ್ಲಿದ್ದ ನಮ್ಮವರು, "ಯಜಮಾನಿ ಮಾತಾಡ್ತಿದ್ದಾಳೆ, ಬಾಯಿ ಮುಚ್ಕೊಂಡು ಕೇಳಮ್ಮಾ" ಅಂದರು.

ಇವಳು ನಕ್ಕು ಮಡಚಿದ ಹೊದಿಕೆಯನ್ನು ನನ್ನ ಕೈಗಿಟ್ಟಳು. "ಈಗ ನೋಡಿ, ಮೊದಲು ನಮ್ಮ ಮನೆಯಲ್ಲಿ ಅವರವರ ಹಾಸಿಗೆ ಅವರವರದ್ದು. ನೆಂಟರು ಬಂದ್ರೆ ಯಾರದ್ದು ಕೊಡೋದು ಅಂತ ಪರದಾಟ. ನೀವು ಬಂದು ಎಲ್ಲಾನೂ ಒಟ್ಟಿಗೆ ಅಟ್ಟದ ಮೇಲೆ ಇಟ್ರಿ. ಬೇಕಾದವರಿಗೆ ಅಲ್ಲಿಂದ ಕೊಡೋದು. ಡಿಸ್ಕಿಗೂ ಹಾಗೇ ಮಾಡ್ತೀನಿ. ಬಿಡಿ ಬಿಡಿ ಡಿಸ್ಕುಗಳನ್ನ ಸೇರಿಸಿ ಒಂದು ಗುಂಪು ಕಟ್ಟೋದು. ಪೂಲ್ ಅಂತೀವಿ. ಹೊಸ ಮಷಿನ್ನಿಗೆ ಜಾಗ ಬೇಕು ಅಂದ್ರೆ, ಯಾವ ಡಿಸ್ಕು ಅಂತ ಹುಡುಕೋ ಹಾಗಿಲ್ಲ. ಪೂಲನ್ನ ಕೇಳಿದ್ರೆ ಅದೇ ಎಲ್ಲಿ ಖಾಲಿ ಇದೆಯೋ ಅಲ್ಲಿಂದ ಕತ್ತರಿಸಿ ಕೊಡುತ್ತೆ."

ಸೊನ್ನೆಯ ಮಾತು ಹೇಳಿದ್ದೂ ಅವತ್ತೇ. ಡಿಸ್ಕಿನ ಜಾಗವನ್ನು ಸುತ್ತು ಸುತ್ತಾಗಿ, ಸೊನ್ನೆಯಿಂದ ಎಣಿಸುತ್ತಾರಂತೆ. ಆ ಸೊನ್ನೆಯ ಸುತ್ತಿನಲ್ಲಿ ಡಿಸ್ಕಿನ ಹೆಸರು ಇರುತ್ತದೆ. ದೊಡ್ಡ ಮಷಿನ್ನನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಅದು ಒಂದೊಂದೇ ಹೆಸರು ಓದಿ ಇದು ನಮ್ಮದು, ಇದು ನಮ್ಮದು ಅಂತ ಗುರುತು ಹಿಡಿಯುತ್ತದೆ. ಅದಕ್ಕೇ ಪೂಲ್ ಕಟ್ಟುವಾಗ ಪ್ರತಿ ಡಿಸ್ಕಿಗೂ 'ಒಂದರಿಂದ ಕೊನೆಯವರೆಗೆ' ಅಂತ ಬರೆಯಬೇಕು. ಸೊನ್ನೆಯನ್ನು ಯಾರಿಗೂ ಕೊಡಕೂಡದು. ಕೊಟ್ಟರೆ, ಜಾಗ ಪಡೆದ ಮಷಿನ್ನು ಡಿಸ್ಕಿನ ಹೆಸರಿನ ಮೇಲೆ ತನ್ನ ಹೆಸರು ಬರೆದುಕೊಂಡುಬಿಡುತ್ತದೆ. ಕೆಲಸ ಕಲಿಯಲು ಬಂದವರಿಗೆಲ್ಲ ಇವಳು ಹೇಳುತ್ತಿದ್ದ ಮೊದಲ ಮಾತು ಇದೇ ಅಂತೆ: ಸೊನ್ನೆ ಬಿಡಿ. ಹಿಂದಿನಿಂದ ಅವಳ ದನಿ ಅನುಕರಿಸಿ "ಸೊನ್ನೆ ಬಿಡಿ, ಸೊನ್ನೆ ಬಿಡಿ" ಅಂತ ಅಣಕಿಸುತ್ತಿದ್ದರಂತೆ. ಅದನ್ನೂ ಅವಳೇ ಬಂದು ಹೇಳಿ ನಗುತ್ತಿದ್ದಳು.

ಹೀಗೆ ವರ್ಷಗಳು ಕಳೆದವು. ಮಾವನವರು ಹೋದರು. ನಮ್ಮವರ ಮಂಡಿ ಸೋತು ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಆಮೇಲೆ ರಕ್ತದ ಕಾಯಿಲೆ ಬಂತು. ಆಸ್ಪತ್ರೆಗೆ ಅಲೆದೆವು. ಆ ಉದ್ದ ಬೆಂಚಿನ ಮೇಲೆ ರಿಪೋರ್ಟು ಯಾವಾಗ ಬರುತ್ತೆ ಅಂತ ಕಾಯುತ್ತಾ, ನಾನು ಒಂದು ಪಕ್ಕ, ಇವಳು ಒಂದು ಪಕ್ಕ, ಅವರು ನಡುವೆ. "ನನ್ನನ್ನ ಏನು ಕಳ್ಳನ ಹಾಗೆ ಎರಡೂ ಕಡೆ ಹಿಡ್ಕೊಂಡಿದ್ದೀರಿ, ಓಡಿಹೋಗಲ್ಲ ಬಿಡಿ" ಅನ್ನುತ್ತಿದ್ದರು. ಹೋಗೇ ಹೋದರು.

ನಾನು ಅತ್ತೆ. ಬೀದಿಯವರು ಅತ್ತರು. ಟೈಲರ್ ಅಂಗಡಿ ಮುಚ್ಚಿ ಬಂದು ನಮ್ಮ ಜಗಲಿಯ ಮೇಲೆ ಕೂತು ಅತ್ತ. ಇವಳು ಮಾತ್ರ ಅಳಲಿಲ್ಲ. ಬಂದವರಿಗೆ ಟೀ ಕೊಟ್ಟಳು, ಲೋಟ ತೊಳೆದಳು, ಅಣ್ಣನ ಬಟ್ಟೆಗಳನ್ನು ಮಡಚಿಟ್ಟಳು. ಇನ್ನೂ ಮನೆ ತುಂಬ ಜನ ಇರುವಾಗಲೇ ಸ್ವೆಟರು ಎತ್ತಿಕೊಂಡು ಕೆಲಸಕ್ಕೆ ಹೊರಟಳು. ಹೊಸ ಡಿಸ್ಕುಗಳು ಬಂದಿವೆ, ಪೂಲ್ ಕಟ್ಟಬೇಕು ಅಂದಳು. ಆ ಖಾಲಿ ಕುರ್ಚಿ ನೋಡಲಾರದೆ ಓಡುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಹೋಗಲಿ, ಅಲ್ಲಾದರೂ ಹಗುರಾಗುತ್ತಾಳೆ ಅಂದುಕೊಂಡೆ.

ಅದಾಗಿ ವರ್ಷ ತುಂಬಲು ಬಂದಿತ್ತು. ಒಂದು ಶುಕ್ರವಾರ ನಾನು ಜಗಲಿಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದೆ. ನಡು ಮಧ್ಯಾಹ್ನ ಇವಳು ಮನೆಗೆ ಬಂದಳು. ಆ ಹೊತ್ತಿಗೆ ಬಂದವಳೇ ಅಲ್ಲ. ಬಿಸಿಲಿನಲ್ಲೇ ಸ್ವೆಟರು ತೊಟ್ಟುಕೊಂಡು ಬಂದಿದ್ದಾಳೆ, ತೆಗೆಯಬೇಕು ಅನ್ನುವ ಪರಿವೆಯೂ ಇಲ್ಲ. ಚಪ್ಪಲಿ ಬಿಡದೆ ಮೆಟ್ಟಿಲ ಮೇಲೆ ಕುಸಿದಳು.

"ಅತ್ತಿಗೆ, ಸೊನ್ನೆ ಕೊಟ್ಟುಬಿಟ್ಟಿದ್ದೀನಿ."

ಮೊರ ಕೆಳಗಿಟ್ಟೆ. "ನಿಧಾನವಾಗಿ ಹೇಳು."

ಬರುವ ಭಾನುವಾರ ಅವಳ ಕೆಲಸದ ಕಟ್ಟಡದಲ್ಲಿ ಕರೆಂಟಿನ ರಿಪೇರಿ ಇದೆಯಂತೆ. ದೊಡ್ಡ ಮಷಿನ್ನನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಅದು ಅಪರೂಪ, ಕಳೆದ ವರ್ಷದಿಂದ ನಿಲ್ಲಿಸಿಯೇ ಇಲ್ಲ. ನಿಲ್ಲಿಸುವ ಮೊದಲು ಎಲ್ಲ ಸರಿ ಇದೆಯಾ ಅಂತ ಇವಳು ಒಂದೊಂದೇ ಪೂಲ್ ತೆಗೆದು ನೋಡಿದ್ದಾಳೆ. ಒಂದು ಪೂಲಿನಲ್ಲಿ, ಸಾಲಾಗಿ ಒಂದರಿಂದ, ಒಂದರಿಂದ, ಒಂದರಿಂದ ಅಂತ ಇದ್ದದ್ದರ ನಡುವೆ ಒಂದು ಡಿಸ್ಕಿಗೆ 'ಸೊನ್ನೆಯಿಂದ' ಅಂತ ಬರೆದಿದೆ. ಅದು ಇವಳೇ ಕಟ್ಟಿದ ಪೂಲು. ಪೂಲೂ ಹೇಳಿದ ಹಾಗೆ ಕೇಳಿ ಸೊನ್ನೆಯಿಂದಲೇ ಕತ್ತರಿಸಿ ಕೊಟ್ಟುಬಿಟ್ಟಿದೆ.

"ಯಾರಿಗೆ ಕೊಟ್ಟಿದೆ?"

"ಆಸ್ಪತ್ರೆಗಳ ಲ್ಯಾಬಿನ ಮಷಿನ್ನಿಗೆ. ರಿಪೋರ್ಟೆಲ್ಲ ಅದರಲ್ಲೇ ಇರೋದು. ಈಗ ಏನೂ ಗೊತ್ತಾಗಲ್ಲ ಅತ್ತಿಗೆ, ನಡೀತಾನೇ ಇದೆ. ದೊಡ್ಡ ಮಷಿನ್ನಿಗೆ ಹಳೇ ಹೆಸರು ನೆನಪಿದೆ. ನಿಲ್ಲಿಸಿ ಶುರು ಮಾಡಿದ್ರೆ ಮಾತ್ರ ಆ ಡಿಸ್ಕು ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ಲ್ಯಾಬು ಏಳಲ್ಲ. ಸೋಮವಾರ ಬೆಳಿಗ್ಗೆ ಆ ಬೆಂಚಿನ ಮೇಲೆ ಕಾಯೋರು..."

"ಸರಿ ಮಾಡೋಕೆ ಆಗಲ್ವಾ?"

"ಆಗುತ್ತೆ. ಲ್ಯಾಬಿನ ಮಷಿನ್ನು ನಿಲ್ಲಿಸಿ, ಅದರದ್ದೆಲ್ಲ ಬೇರೆ ಕಡೆಗೆ ನಕಲು ಮಾಡಿ, ಸೊನ್ನೆ ಖಾಲಿ ಮಾಡ್ಬೇಕು. ಆಮೇಲೆ ಡಿಸ್ಕಿಗೆ ಹೆಸರು ಬರೆಯೋದು."

"ಮತ್ತೇನು?"

"ಬೇರೆಯವರು ಮಾಡ್ಲಿ. ನಾನಿನ್ನು ಮುಟ್ಟಲ್ಲ. ನಕಲು ಮಾಡುವಾಗ ಎಲ್ಲಿಂದ ಎಲ್ಲಿಗೆ ಅನ್ನೋದು ಒಂದು ತಿರುವುಮುರುವಾದ್ರೆ ಖಾಲಿ ಜಾಗ ಹೋಗಿ ರಿಪೋರ್ಟಿನ ಮೇಲೆ ಕೂರುತ್ತೆ. ಆಮೇಲೆ ಏನೂ ಉಳಿಯಲ್ಲ. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ ಅತ್ತಿಗೆ. ಮೇಡಮ್ಮಿಗೆ ಹೇಳಿ ಸೋಮವಾರದಿಂದ ಕೆಲಸ ಬಿಟ್ಟುಬಿಡ್ತೀನಿ."

ಮೇಡಂ ಅಂದರೆ ಅವರ ವಿಭಾಗದ ಮುಖ್ಯಸ್ಥೆ, ಇವಳಿಗಿಂತ ಚಿಕ್ಕವರು. ಇನ್ನೂ ಅವರಿಗೂ ಹೇಳಿಲ್ಲವಂತೆ, ಹೇಳಲು ಬಾಯಿ ಬರದೆ ತಲೆನೋವು ಅಂತ ಎದ್ದು ಬಂದಿದ್ದಾಳೆ. ನಾನು ಅವಳ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟೆ, ಸ್ವೆಟರು ಬಿಚ್ಚಿದೆ. ಮಗುವಿನ ಹಾಗೆ ಕೈ ಎತ್ತಿ ಕೊಟ್ಟಳು. ಎಷ್ಟೋ ವರ್ಷ ಅದೇ ಕೆಲಸ ಮಾಡಿದವಳಿಗೆ ಈ ಸೊನ್ನೆ ಹೇಗೆ ತಪ್ಪಿತು ಅನ್ನುವುದು ನನಗೆ ಅರ್ಥವಾಗಲಿಲ್ಲ.

"ಯಾವಾಗ ಕಟ್ಟಿದ ಪೂಲು ಅದು?" ಅಂದೆ.

ಮೊರದಿಂದ ಒಂದು ಬಟಾಣಿ ಕಾಳು ಕೈಗೆತ್ತಿಕೊಂಡಳು. "ಅಣ್ಣ ತೀರ್ಕೊಂಡ ವಾರ."

ಮುಂದಿನದ್ದನ್ನೂ ಅವಳೇ ಹೇಳಿದಳು. "ಅವತ್ತು ಊಟ ಮಾಡಿ ಬಂದು ಕೂತೆ. ದಿನಾ ಊಟ ಆದ ತಕ್ಷಣ ಅಣ್ಣನಿಗೆ ಫೋನ್ ಮಾಡ್ತಿದ್ದೆನಲ್ಲ, ಊಟ ಆಯ್ತು ಅಂತ. ಕೈ ಹೋಗಿ ಫೋನ್ ಎತ್ತಿಕೊಂಡಿತ್ತು. ಅರ್ಧ ನಂಬರ್ ಒತ್ತಿದ್ದೆ. ಆಮೇಲೆ ಫೋನ್ ಕೆಳಗಿಟ್ಟು ಮುಂದಿನ ಸಾಲು ಬರೆದೆ. ಅದೇ ಸಾಲು ಅತ್ತಿಗೆ."

ಹೀಗೆಂದವಳು ನನ್ನ ಮಡಿಲಿಗೆ ಬಿದ್ದು ಅಳತೊಡಗಿದಳು. ಬಟಾಣಿಯ ಮೊರ ಉರುಳಿ ಕಾಳು ಮೆಟ್ಟಿಲಿಳಿದು ಬೀದಿಯವರೆಗೂ ಹೋಯಿತು. ವರ್ಷವಿಡೀ ಎಲ್ಲಿಟ್ಟಿದ್ದಳೋ ಆ ಅಳುವನ್ನು. ಎದುರಿನ ಟೈಲರ್ ಬಾಗಿಲಿಗೆ ಬಂದು ನೋಡಿ, ಏನೂ ಕೇಳದೆ ಒಳಗೆ ಹೋಗಿ, ಅಂಗಡಿಯ ರೇಡಿಯೋ ಆರಿಸಿದ. ನಾನು ಅವಳ ತಲೆ ಸವರುತ್ತಾ ಇದ್ದೆ. ಕೂದಲು ನರೆತು ತೆಳ್ಳಗಾಗಿದೆ. ನನಗೂ ಕಣ್ಣು ತುಂಬಿ ಬಂದು ಇಬ್ಬರೂ ಸೇರಿ ಅತ್ತೆವು.

ಬಿಸಿಲು ಸರಿದು ಮೆಟ್ಟಿಲಿಗೆ ನೆರಳು ಬಂದಾಗ ಎದ್ದು ಮೂಗು ಒರೆಸಿಕೊಂಡು, "ಹಸಿವಾಗ್ತಿದೆ" ಅಂದಳು. ಬಡಿಸಿದೆ. ಎರಡನೇ ಸಲವೂ ಹಾಕಿಸಿಕೊಂಡು ಉಂಡಳು. ಕೈ ತೊಳೆದು ಬಂದು ಮೇಡಮ್ಮಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಕೂತೆ, ಫೋನಿನ ದನಿ ನನಗೂ ಕೇಳುತ್ತಿತ್ತು.

ಇವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಮೇಡಂ, "ಭಾನುವಾರಕ್ಕೆ ಮುಂಚೆ ಸಿಕ್ಕಿತಲ್ಲ, ಸದ್ಯ" ಅಂದರು. "ನಾಳೆ ಮಧ್ಯಾಹ್ನ ಲ್ಯಾಬಿಗೆ ರಜಾ, ಆಗ ಮಾಡಬಹುದು. ನೀವೇ ಮಾಡ್ತೀರೋ, ನಾನು ಮಾಡ್ಲೋ? ನನಗೂ ಬರುತ್ತೆ, ಸಂಕೋಚ ಬೇಡ. ನೀವು ಹೇಳಿದ ಹಾಗೆ."

ಇವಳು ನನ್ನ ಮುಖ ನೋಡಿದಳು. ನಾನು ಏನು ಹೇಳಲಿ, ನನಗೆ ಡಿಸ್ಕು ಗೊತ್ತೋ, ಸುತ್ತು ಗೊತ್ತೋ? ಅವಳ ಬೆನ್ನ ಮೇಲೆ ಕೈ ಇಟ್ಟೆ ಅಷ್ಟೇ.

"ಬೆಳಿಗ್ಗೆ ಹೇಳ್ತೀನಿ ಮೇಡಂ" ಅಂದಳು.

ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ತಯಾರಾಗಿದ್ದಳು. "ನಾನೇ ಮಾಡ್ತೀನಿ ಅತ್ತಿಗೆ. ಆದ್ರೆ ಒಬ್ಬಳೇ ಮಾಡಲ್ಲ. ಮೀಸೆಯವರನ್ನ ಪಕ್ಕ ಕೂರಿಸ್ಕೊಳ್ತೀನಿ. ನಾನು ಬರೆದ ಒಂದೊಂದು ಅಂಕಿನೂ ಅವರು ಗಟ್ಟಿಯಾಗಿ ಓದ್ಬೇಕು, ನಾನು ಹೂಂ ಅಂದ್ಮೇಲೆ ಮುಂದಕ್ಕೆ."

ಮೀಸೆ ಅಂದರೆ ಲ್ಯಾಬಿನ ಮಷಿನ್ನು ನೋಡಿಕೊಳ್ಳುವ ಸಹೋದ್ಯೋಗಿ. ಮುಖಕ್ಕಿಂತ ಮೀಸೆಯೇ ಮೊದಲು ಬರುತ್ತದೆ, ಅಷ್ಟು ದಪ್ಪ. ಶನಿವಾರ ನಡೆದದ್ದನ್ನು ಮಾರನೆಯ ದಿನ ನನಗೆ ಹೇಳಿದ್ದು ಅವರೇ. "ಅಮ್ಮಾ, ನಿಮ್ಮ ನಾದಿನಿ ನನ್ನನ್ನ ಒಂದನೇ ಕ್ಲಾಸಿನ ಹುಡುಗನ ಹಾಗೆ ಓದಿಸಿಬಿಟ್ರು. ಎಲ್ಲಿಂದ, ಓದಿ. ಎಲ್ಲಿಗೆ, ಓದಿ. ಇನ್ನೊಂದ್ಸಲ ಓದಿ. ಶುರು ಮಾಡೋ ಗುಂಡಿ ಒತ್ತೋ ಮುಂಚೆ ಕೈ ಹಿಂದಕ್ಕೆ ತೆಗೆದ್ರು. ನಾನು ಒತ್ಲಾ ಅಂದೆ. ಬೇಡ ಅಂತ ತಲೆಯಾಡಿಸಿ, ಕೈ ಒರೆಸ್ಕೊಂಡು, ಅವರೇ ಒತ್ತಿದ್ರು." ನಕಲು ಆಯಿತು, ಎರಡನ್ನೂ ಹೋಲಿಸಿ ನೋಡಿದ್ದಾಯಿತು. ಇವಳು ಡಿಸ್ಕಿನ ಸೊನ್ನೆಯಲ್ಲಿ ಅದರ ಹೆಸರು ಮತ್ತೆ ಬರೆದಳು. ಪೂಲಿಗೆ ಇನ್ನು ಒಂದರಿಂದ ಕೊಡು ಅಂತ ಹೇಳಿದಳು. ಮಿಕ್ಕ ಪೂಲುಗಳನ್ನೂ ಮೀಸೆಯವರ ಕೈಲಿ ಓದಿಸಿದಳಂತೆ, ಪಾಪ.

ಆದರೂ ಭಾನುವಾರ ಮಷಿನ್ನು ಎದ್ದು ಹೆಸರು ಓದುವ ತನಕ ಏನೂ ಹೇಳಲಾಗದು ಅಂದಳು. "ನೀವೂ ಬನ್ನಿ ಅತ್ತಿಗೆ. ಮೇಡಮ್ಮನ್ನ ಕೇಳಿದ್ದೀನಿ." ಅಷ್ಟು ವರ್ಷದಲ್ಲಿ ನನ್ನನ್ನು ಒಂದು ದಿನವೂ ಕರೆದವಳಲ್ಲ. ಬೀರುವಿನಿಂದ ಅವಳ ಇನ್ನೊಂದು ಸ್ವೆಟರು ತೆಗೆದು ಹಾಕಿಕೊಂಡೆ. ಟೈಲರ್ ನೋಡಿ, "ಅಯ್ಯೋ, ಅತ್ತಿಗೆಗೂ ಅಂಟಿತಾ!" ಅಂದ.

ಆ ರೂಮು ನೋಡಿ ನನಗೆ ಮೊದಲು ಆದದ್ದು ನಿರಾಸೆ. ಮಷಿನ್ನು ಅಂದರೆ ಏನೇನೋ ಅಂದುಕೊಂಡಿದ್ದೆ. ನೋಡಿದರೆ ಎರಡು ದೊಡ್ಡ ಕಪ್ಪು ಬೀರು, ಅದರ ಪಕ್ಕ ಡಿಸ್ಕಿನದು ಇನ್ನಷ್ಟು ಬೀರು. ನೆಲ ಚೌಕ ಚೌಕ ಹಲಗೆಯದು, ಕಾಲಿಟ್ಟರೆ ಕೆಳಗೆ ಪೊಳ್ಳು ಅನ್ನಿಸುತ್ತದೆ, ಅಲ್ಲಿಂದ ತಣ್ಣನೆ ಗಾಳಿ ಮೇಲೆ ಬರುತ್ತದೆ. ಕರೆಂಟಿನವರು ಕೆಲಸ ಮುಗಿಸಿ ಹೋಗಿದ್ದರು. ಗಾಳಿಯ ಸದ್ದೊಂದು ಬಿಟ್ಟರೆ ಮಿಕ್ಕದ್ದೆಲ್ಲ ಮಲಗಿತ್ತು. ಗಾಜಿನ ಆಚೆ ಇವಳು ಕೂತು ಕೆಲಸ ಮಾಡುವ ಕೋಣೆಯಲ್ಲಿ ನನಗೂ ಒಂದು ಕುರ್ಚಿ ಹಾಕಿದರು. ಮೇಡಂ ನಮಸ್ಕಾರ ಮಾಡಿ, "ಚಳಿ ಆದ್ರೆ ಹೇಳಿ ಅಮ್ಮಾ" ಅಂದರು. ಮೀಸೆ ಟೀ ತಂದುಕೊಟ್ಟರು.

ಮಷಿನ್ನು ಶುರು ಮಾಡಿದರು. ಬೀರುಗಳು ಗುಂಯ್ ಅಂದವು. ಇವಳ ಮುಂದಿನ ಪರದೆಯ ಮೇಲೆ ಸಾಲು ಸಾಲಾಗಿ ಅಕ್ಷರಗಳು ಬರತೊಡಗಿದವು. ಇವಳು ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತಳು. ಒಂದೊಂದೇ ಡಿಸ್ಕಿನ ಹೆಸರು ಬರುತ್ತಿತ್ತು, ಮೀಸೆ ಗಟ್ಟಿಯಾಗಿ ಓದುತ್ತಿದ್ದರು. ಓದುತ್ತಾ ಓದುತ್ತಾ ಒಂದು ಕಡೆ ಅವರ ದನಿ ತಗ್ಗಿತು. ಮುಂದಿನ ಸಾಲು ಬರಲು ತಡವಾಯಿತೋ, ನನಗೆ ಹಾಗೆ ಅನ್ನಿಸಿತೋ.

"ಬಂತು!" ಅಂದರು ಮೀಸೆ. ಆ ಹೆಸರು ಓದಿದರು. ಇವಳು ಹೂಂ ಅಂದಳು.

ಲ್ಯಾಬಿನ ಮಷಿನ್ನು ಎದ್ದಿತು. ಮೀಸೆ ಆಸ್ಪತ್ರೆಗೆ ಫೋನ್ ಮಾಡಿ, "ಯಾವುದಾದ್ರೂ ಒಂದು ಹಳೇ ರಿಪೋರ್ಟ್ ತೆಗೀರಿ ನೋಡೋಣ" ಅಂದರು. ಆ ಕಡೆಯವರು ಬಂತು ಸಾರ್, ಏನಾಗಿತ್ತು, ಅಂತ ಕೇಳಿದರು. "ಏನೂ ಇಲ್ಲ, ನಿಮ್ಮನ್ನ ಸ್ವಲ್ಪ ಆಚೀಚೆ ಸರಿಸಿದ್ವಿ" ಅಂದು ಇಟ್ಟರು. ಆಗ ಇವಳು ಕುರ್ಚಿ ಬಿಟ್ಟು ನನ್ನ ಬಳಿ ಬಂದು, ನನ್ನ ಲೋಟದಲ್ಲಿ ಉಳಿದಿದ್ದ ತಣ್ಣನೆ ಟೀ ಕುಡಿದಳು.

ಮೇಡಂ ಬಂದು, "ಬುಧವಾರ ಇನ್ನಷ್ಟು ಡಿಸ್ಕು ಬರ್ತಿವೆ. ಶಾಲೆಗಳಿಗೆ ಅಂತ ಹೊಸ ಪೂಲ್ ಕಟ್ಟಬೇಕು. ಯಾರಿಗೆ ಕೊಡ್ಲಿ?" ಅಂದರು. ಕೇಳಿದ್ದು ಇವಳನ್ನೇ, ಆದರೆ ಕಣ್ಣು ಪರದೆಯ ಕಡೆ ಇತ್ತು. ಬೇಡ ಅನ್ನುವುದಕ್ಕೂ ಇವಳಿಗೆ ದಾರಿ ಬಿಟ್ಟಿದ್ದರು, ಒಳ್ಳೆಯ ಹೆಂಗಸು.

ಇವಳು ಲೋಟ ಕೆಳಗಿಟ್ಟಳು. "ನನಗೇ ಕೊಡಿ ಮೇಡಂ. ಆದ್ರೆ ಇನ್ಮೇಲೆ ಪೂಲ್ ಕಟ್ಟುವಾಗ ಒಬ್ಬರು ಬರೆಯೋದು, ಇನ್ನೊಬ್ಬರು ಓದೋದು. ಯಾರೇ ಕಟ್ಲಿ, ನಾನೇ ಕಟ್ಲಿ."

"ಓದೋರಿಗೆ ಗಂಟಲು ಒಣಗುತ್ತೆ, ಟೀ ಖರ್ಚು ನಮ್ಮ ವಿಭಾಗದ್ದಾಗ್ಲಿ" ಅಂದರು ಮೀಸೆ. ಮೇಡಂ ಮೊದಲ ಸಲ ನಕ್ಕರು.

ನಾನು ಹೊರಡಲು ಎದ್ದೆ. "ಅತ್ತಿಗೆ, ಹತ್ತೇ ನಿಮಿಷ ಕೂತ್ಕೊಳ್ಳಿ" ಅಂದಳು ಇವಳು, "ಹೊಸ ಡಿಸ್ಕುಗಳಿಗೆ ಏನು ಹೆಸರಿಡೋದು ಅಂತ ನೋಡ್ಕೊಂಡು ಬಂದ್ಬಿಡ್ತೀನಿ." ಕುರ್ಚಿ ಮುಂದಕ್ಕೆಳೆದುಕೊಂಡು ಕೂತಳು. ಕೈ ಕೀಬೋರ್ಡಿನ ಮೇಲೆ ಹೋಯಿತು.

ಹತ್ತು ನಿಮಿಷ ಅಂದವಳು ಎದ್ದಾಗ ಹೊರಗೆ ಸಂಜೆಯಾಗಿತ್ತು. ನನ್ನ ಕಾಲು ತಣ್ಣಗೆ ಹಲಗೆಯಾಗಿತ್ತು. ನಾನು ಅವಸರ ಮಾಡಲಿಲ್ಲ.